ತಗ್ಗಿದ ಕಾರು, ಸವೆದ ಟೈರು: ಗಾಲಿಗಳ ಜೋಡಣೆಯ ಒಂದು ಪಾಠ

ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಗಡಿನಾಡಿನ ಇತಿಹಾಸ, ಶರಣರ ವಿಚಾರ, ಹಿರಿಯ ಗುರುಗಳ ನೆನಪು ಇವೆಲ್ಲ ಬರುವುದು ಸಹಜ. ಅವುಗಳ ನಡುವೆ ಕಾರಿನ ಗಾಲಿಯನ್ನು ಕುರಿತ ಲೇಖನವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇದಕ್ಕೆ ಎರಡು ಕಾರಣಗಳಿವೆ. ಉಮರ್ಗಾ ಪಟ್ಟಣವು ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿದೆ. ಹಿಂದೆ 9 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದು ಈಗ 65 ಎನಿಸಿಕೊಂಡಿರುವ ಈ ಹೆದ್ದಾರಿಯನ್ನು ಮುಟ್ಟದೆ ಇಲ್ಲಿನ ಜನರಿಗೆ ದೊಡ್ಡ ಆಸ್ಪತ್ರೆಯಾಗಲಿ, ದೊಡ್ಡ ಪೇಟೆಯಾಗಲಿ ಸಿಗುವುದು ಕಷ್ಟ. ನಿಲಂಗಾದವರು ಭಾಲ್ಕಿಗೆ, ಉದಗೀರದವರು ಬೀದರಿಗೆ ಬೀಗತನಕ್ಕೂ ವ್ಯಾಪಾರಕ್ಕೂ ಹೋಗಿಬರುವುದು ರಸ್ತೆಯ ಮೇಲೆಯೇ. ಹೀಗಿರುವಾಗ ಟೈರಿನ ಸ್ಥಿತಿಯು ಕೇವಲ ಹಣದ ಮಾತಲ್ಲ, ಕುಟುಂಬದ ಕ್ಷೇಮದ ಮಾತು.

ಎರಡನೆಯ ಕಾರಣವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಮೋಟಾರು ವಾಹನಗಳ ದುರಸ್ತಿಯನ್ನು ಕಲಿಸುವ ಕೆಲಸದಲ್ಲಿರುವ ನಾನು, ಗಾಲಿಗಳ ಜೋಡಣೆ ಎಂಬ ವಿಷಯವನ್ನು ಬಹುಮಂದಿ ಯಂತ್ರದ ಮಾಯೆಯೆಂದು ಭಾವಿಸಿರುವುದನ್ನು ಕಂಡಿದ್ದೇನೆ. ವಾಸ್ತವದಲ್ಲಿ ಅದಕ್ಕೆ ಬೇಕಾದ ಗಣಿತವೆಲ್ಲವೂ ಹತ್ತನೆಯ ತರಗತಿಯ ರೇಖಾಗಣಿತ ಮತ್ತು ತ್ರಿಕೋನಮಿತಿಯಲ್ಲಿ ಇದೆ. ಕನ್ನಡದಲ್ಲಿ ಕಲಿತ ಲಂಬ, ಕೋನ, ಸಮಾಂತರ ರೇಖೆ ಎಂಬ ಮಾತುಗಳಿಂದಲೇ ಇದನ್ನು ಪೂರ್ಣವಾಗಿ ತಿಳಿಯಬಹುದು. ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಕೆಲವು ತರುಣರು ಅಂದಕ್ಕೆಂದು ಕಾರಿನ ಸ್ಪ್ರಿಂಗುಗಳನ್ನು ಕತ್ತರಿಸಿ ಅದನ್ನು ನೆಲದ ಹತ್ತಿರಕ್ಕೆ ಇಳಿಸುತ್ತಿರುವುದರಿಂದ, ಆ ತಗ್ಗಿಸಿದ ಕಾರನ್ನೇ ಈ ಪಾಠದ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇಕೆಂದು ತಗ್ಗಿಸದಿದ್ದರೂ, ವರ್ಷಗಟ್ಟಲೆ ಮಿತಿಮೀರಿ ಜನರನ್ನು ಹೊತ್ತು ಸ್ಪ್ರಿಂಗು ಕುಸಿದ ವಾಹನಗಳಿಗೂ ಈ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಗಾಲಿಯ ಮೂರು ಕೋನಗಳು

ಎತ್ತಿನ ಬಂಡಿಯ ಅಚ್ಚು ಬಾಗಿದರೆ ಗಾಲಿಯ ಕಬ್ಬಿಣದ ಪಟ್ಟಿ ಒಂದೇ ಅಂಚಿನಲ್ಲಿ ಸವೆಯುತ್ತದೆಂಬುದು ನಮ್ಮ ರೈತರಿಗೆ ಗೊತ್ತು. ದೇವಣಿ ತಳಿಯ ಎತ್ತುಗಳು ಎಳೆಯುವ ಬಂಡಿಗೂ ಪೆಟ್ರೋಲಿನಿಂದ ಓಡುವ ಕಾರಿಗೂ ಈ ನಿಯಮ ಒಂದೇ. ವ್ಯತ್ಯಾಸವೆಂದರೆ ಬಂಡಿಯ ಗಾಲಿ ಅಚ್ಚಿಗೆ ನೇರವಾಗಿ ಸಿಕ್ಕಿಕೊಂಡಿದೆ. ಕಾರಿನ ಗಾಲಿಯು ತೋಳು, ಸ್ಪ್ರಿಂಗು, ರಾಡುಗಳ ನಡುವೆ ಮೇಲಕ್ಕೂ ಕೆಳಕ್ಕೂ ಆಡುತ್ತ, ಮುಂದಿನ ಗಾಲಿಯಾದರೆ ಎಡಕ್ಕೂ ಬಲಕ್ಕೂ ತಿರುಗಬೇಕು. ಈ ಆಟದ ನಡುವೆಯೂ ಅದು ನೆಲದ ಮೇಲೆ ಸರಿಯಾಗಿ ನಿಲ್ಲಬೇಕಾದರೆ ಮೂರು ಕೋನಗಳು ಮಿತಿಯಲ್ಲಿರಬೇಕು.

ಮೊದಲನೆಯದು ಕ್ಯಾಂಬರ್. ಕಾರನ್ನು ಎದುರಿನಿಂದ ನೋಡಿದಾಗ ಗಾಲಿಯು ಲಂಬರೇಖೆಗೆ ಎಷ್ಟು ವಾಲಿದೆ ಎಂಬುದೇ ಕ್ಯಾಂಬರ್. ಗಾಲಿಯ ಮೇಲ್ಭಾಗ ಹೊರಕ್ಕೆ ವಾಲಿದರೆ ಅದು ಧನ, ಒಳಕ್ಕೆ ವಾಲಿದರೆ ಋಣ. ಎರಡನೆಯದು ಟೋ. ಈ ಮಾತಿಗೆ ಕಾಲಿನ ಬೆರಳೆಂದು ಅರ್ಥ. ಮನುಷ್ಯನು ನಿಂತಾಗ ಎರಡು ಪಾದಗಳ ತುದಿ ಒಳಮುಖವಾಗಿಯೋ ಹೊರಮುಖವಾಗಿಯೋ ಇರುವಂತೆ, ಮೇಲಿನಿಂದ ನೋಡಿದರೆ ಎರಡು ಗಾಲಿಗಳ ಮುಂದಿನ ಅಂಚುಗಳು ಪರಸ್ಪರ ಹತ್ತಿರ ಬಂದಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್. ಮೂರನೆಯದು ಕ್ಯಾಸ್ಟರ್. ಕಾರನ್ನು ಪಕ್ಕದಿಂದ ನೋಡಿದಾಗ ಗಾಲಿಯು ಯಾವ ಅಕ್ಷದ ಸುತ್ತ ತಿರುಗುತ್ತದೆಯೋ ಆ ಅಕ್ಷವು ಹಿಂದಕ್ಕೆ ವಾಲಿರುವ ಕೋನವಿದು. ತಿರುವು ಮುಗಿದ ಮೇಲೆ ಸ್ಟೀಯರಿಂಗು ತಾನಾಗಿ ನೇರವಾಗುವುದು ಮುಖ್ಯವಾಗಿ ಇದರಿಂದಲೇ.

ಕ್ಯಾಸ್ಟರ್ ತಪ್ಪಿದರೆ ಟೈರು ಅಷ್ಟಾಗಿ ಸವೆಯುವುದಿಲ್ಲ. ಕಾರು ಒಂದು ಕಡೆಗೆ ಎಳೆಯುತ್ತದೆ, ಇಲ್ಲವೆ ಸ್ಟೀಯರಿಂಗು ಹಗುರಾಗಿ ಅಲೆಯುತ್ತದೆ. ಟೈರನ್ನು ತಿನ್ನುವವು ಕ್ಯಾಂಬರ್ ಮತ್ತು ಟೋ ಎಂಬ ಎರಡೇ. ಇವೆರಡರಲ್ಲಿ ಹೆಚ್ಚು ಹಾನಿಕರವಾದುದು ಟೋ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಾಲಿದ ಗಾಲಿ ಕಣ್ಣಿಗೆ ಬೇಗ ಬೀಳುವುದರಿಂದ ಜನ ಕ್ಯಾಂಬರನ್ನು ದೂರುತ್ತಾರೆ. ಕಣ್ಣಿಗೆ ಕಾಣದ ಎರಡು ಮಿಲಿಮೀಟರಿನ ಟೋ ದೋಷವೇ ಹಲವು ವೇಳೆ ನಿಜವಾದ ಅಪರಾಧಿ.

ಅದರ ಲೆಕ್ಕ ಹೀಗಿದೆ. ಗಾಲಿಯ ರಿಮ್ಮಿನ ಮೇಲೆ 360 ಮಿ.ಮೀ. ಅಂತರದಲ್ಲಿರುವ ಎರಡು ಬಿಂದುಗಳನ್ನು ಅಳೆದಾಗ ಮುಂದಿನ ಬಿಂದು 2 ಮಿ.ಮೀ. ಹೊರಕ್ಕೆ ಹೋಗಿದೆ ಎನ್ನೋಣ. ಅಂದರೆ ಗಾಲಿಯು 180 ಭಾಗ ಮುಂದಕ್ಕೆ ಹೋಗುವಾಗ 1 ಭಾಗ ಪಕ್ಕಕ್ಕೆ ಹೋಗಬಯಸುತ್ತದೆ. ಆದರೆ ಕಾರು ನೇರವಾಗಿಯೇ ಓಡುತ್ತಿದೆ. ಉಮರ್ಗಾದಿಂದ ಸೊಲ್ಲಾಪುರಕ್ಕೆ ಸುಮಾರು 90 ಕಿ.ಮೀ. ದೂರ. ಅಷ್ಟು ದೂರವನ್ನು ಕ್ರಮಿಸುವಷ್ಟರಲ್ಲಿ ಆ ಗಾಲಿಯು ಪಕ್ಕಕ್ಕೆ ಹೋಗಲು ಯತ್ನಿಸಿದ ಒಟ್ಟು ದೂರ ಅರ್ಧ ಕಿಲೋಮೀಟರು. ರಬ್ಬರಿಗೆ ಬಾಗುವ ಗುಣವಿರುವುದರಿಂದ ಅದೆಲ್ಲವೂ ಉಜ್ಜುವಿಕೆಯಾಗಿ ಪರಿಣಮಿಸುವುದಿಲ್ಲ. ಟೈರಿನ ಪ್ರತಿಯೊಂದು ತುಣುಕು ನೆಲವನ್ನು ಮುಟ್ಟಿ, ಪಕ್ಕಕ್ಕೆ ಬಾಗಿ, ನೆಲವನ್ನು ಬಿಡುವ ಮುನ್ನ ಜಾರುತ್ತದೆ. ಆ ಕೊನೆಯ ಜಾರುವಿಕೆಯಲ್ಲಿಯೇ ಸವಕಳಿ ಇದೆ. ಅದು ಗಾಲಿಯ ಪ್ರತಿ ಸುತ್ತಿಗೂ ಮರುಕಳಿಸುತ್ತದೆ.

ತಗ್ಗಿಸಿದಾಗ ನಡೆಯುವುದೇನು?

ಇಂದಿನ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಇದು 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಬಂದಿತು. 1983ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ 800 ಇದನ್ನು ನಮ್ಮ ದೇಶದ ಮಧ್ಯಮವರ್ಗದ ಮನೆಬಾಗಿಲಿಗೆ ತಂದಿತು. ಇದರ ರಚನೆ ಸರಳ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಕಂಬದ ಮೇಲ್ತುದಿ ಕಾರಿನ ಒಡಲಿಗೆ ಸೇರಿದೆ. ಕೆಳಗೆ ಅಡ್ಡಲಾಗಿರುವ ಒಂದು ತೋಳು ಗಾಲಿಯ ಬುಡವನ್ನು ಹಿಡಿದಿದೆ. ತೋಳಿನ ಒಳತುದಿ ಬುಶ್ಶಿನ ಮೇಲೆ ಆಡುತ್ತದೆ, ಹೊರತುದಿಯಲ್ಲಿ ಬಾಲ್ ಜಾಯಿಂಟ್ ಇದೆ.

ಈಗ ವಿದ್ಯಾರ್ಥಿಗಳು ಒಂದು ಚಿತ್ರವನ್ನು ಬರೆಯಲಿ. ತೋಳಿನ ಉದ್ದ 300 ಮಿ.ಮೀ.; ಅದು ಹೊರಮುಖವಾಗಿ 10 ಡಿಗ್ರಿ ಕೆಳಕ್ಕೆ ಇಳಿದಿದೆ. ಬಾಲ್ ಜಾಯಿಂಟಿನಿಂದ ಸ್ಟ್ರಟ್ಟಿನ ಮೇಲ್ತುದಿಗೆ ಲಂಬವಾದ ಎತ್ತರ 600 ಮಿ.ಮೀ., ಒಳಮುಖವಾದ ವಾಲಿಕೆ 12 ಡಿಗ್ರಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಳತೆಗಳು. ಪ್ರತಿ ಕಾರಿನಲ್ಲಿ ಇವು ಬೇರೆಯಾಗಿರುತ್ತವೆ. ಒಡಲನ್ನು 50 ಮಿ.ಮೀ. ತಗ್ಗಿಸಿದರೆ ತೋಳು ಹೆಚ್ಚುಕಡಿಮೆ ಅಡ್ಡಗೆರೆಯಂತಾಗಿ, ಬಾಲ್ ಜಾಯಿಂಟ್ ಸುಮಾರು 4½ ಮಿ.ಮೀ. ಹೊರಕ್ಕೆ ಸರಿಯುತ್ತದೆ. ಮೇಲಿನ ಎತ್ತರವು 600ರಿಂದ 550ಕ್ಕೆ ಇಳಿಯುತ್ತದೆ. ಅಡ್ಡ ಅಂತರವು 127½ರಿಂದ 132ಕ್ಕೆ ಏರುತ್ತದೆ. 132ನ್ನು 550ರಿಂದ ಭಾಗಿಸಿದರೆ 0.24. ಇದು 13½ ಡಿಗ್ರಿಯ ಸ್ಪರ್ಶಕ. ಎಂದರೆ ಸ್ಟ್ರಟ್ಟು 1½ ಡಿಗ್ರಿ ಹೆಚ್ಚು ವಾಲಿತು, ಅದರೊಡನೆ ಬಿಗಿಯಾಗಿ ಸೇರಿದ ಗಾಲಿಯೂ ಅಷ್ಟೇ ಒಳಕ್ಕೆ ವಾಲಿತು. ಯಾವ ನಟ್ಟನ್ನೂ ಸಡಿಲಿಸದೆ ಕ್ಯಾಂಬರ್ ಕೆಟ್ಟುಹೋಯಿತು.

ಇನ್ನೂ 50 ಮಿ.ಮೀ. ತಗ್ಗಿಸಿದರೆ ಹೇಗೆ? ತೋಳು ಈಗ ಹೊರಮುಖವಾಗಿ ಮೇಲಕ್ಕೆ ಏರಿರುತ್ತದೆ. ಬಾಲ್ ಜಾಯಿಂಟ್ ಮತ್ತೆ ಒಳಕ್ಕೆ ಬರುತ್ತದೆ. ಲೆಕ್ಕ ಮಾಡಿದರೆ ಎರಡನೆಯ 50 ಮಿ.ಮೀ.ಗೆ ಕ್ಯಾಂಬರ್ ಒಂದು ಡಿಗ್ರಿಗಿಂತ ಕಡಿಮೆ ಬದಲಾಗುತ್ತದೆ. ಇದು ಲಾಭವೆಂದು ತಿಳಿಯಬಾರದು. ತೋಳು ಹೀಗೆ ಮೇಲ್ಮುಖವಾದಾಗ, ತಿರುವಿನಲ್ಲಿ ಒಡಲು ಯಾವ ಬಿಂದುವಿನ ಸುತ್ತ ಓಲುತ್ತದೆಯೋ ಆ ಬಿಂದು ಕಾರಿನ ಭಾರಕೇಂದ್ರಕ್ಕಿಂತಲೂ ಹೆಚ್ಚು ವೇಗದಲ್ಲಿ ಕೆಳಕ್ಕೆ ಇಳಿಯುತ್ತದೆ. ಅದರಿಂದ ಓಲುವ ಪ್ರವೃತ್ತಿ ಹೆಚ್ಚುತ್ತದೆ. ನೆಲಕ್ಕೆ ಹತ್ತಿರವಾದಷ್ಟೂ ಕಾರು ಭದ್ರ ಎಂಬ ಮಾತು ಒಂದು ಮಿತಿಯವರೆಗೆ ಮಾತ್ರ ಸತ್ಯ.

ಟೋ ಕೋನವೂ ಇದರೊಡನೆ ಕೆಡುತ್ತದೆ. ಗಾಲಿಯನ್ನು ತಿರುಗಿಸುವ ಟೈ ರಾಡಿನ ಉದ್ದವೂ ಅದರ ಕೀಲಿನ ಸ್ಥಾನವೂ ಕೆಳತೋಳಿನ ಉದ್ದ ಮತ್ತು ಸ್ಥಾನಕ್ಕಿಂತ ಬೇರೆ. ಎರಡೂ ಬೇರೆ ಬೇರೆ ವೃತ್ತಖಂಡಗಳಲ್ಲಿ ಚಲಿಸುತ್ತವೆ. ತಯಾರಕರು ಇವೆರಡನ್ನೂ ಕಾರಿನ ಮೂಲ ಎತ್ತರದ ಆಸುಪಾಸಿನಲ್ಲಿ ಹೊಂದಿಸಿರುತ್ತಾರೆ. ಆ ಎತ್ತರವನ್ನು ಬಿಟ್ಟು ಕೆಳಗೆ ಬಂದಾಗ ಹೊಂದಿಕೆ ತಪ್ಪಿ, ಟೈ ರಾಡು ಗಾಲಿಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಟೋ ಒಳಕ್ಕೆ ಹೋಗುವುದೋ ಹೊರಕ್ಕೆ ಹೋಗುವುದೋ ಎಂಬುದು ರಾಡು ಇರುವ ಸ್ಥಾನವನ್ನು ಅವಲಂಬಿಸಿದೆ. ಆದುದರಿಂದ ಊಹೆ ಮಾಡದೆ ಅಳೆಯಬೇಕು. ಅಲ್ಲದೆ ಹೊಂಡ ದಿಣ್ಣೆಗಳ ಮೇಲೆ ಗಾಲಿ ಏರಿಳಿಯುವಾಗಲೆಲ್ಲ ಟೋ ಬದಲಾಗುತ್ತಿದ್ದರೆ, ಸ್ಟೀಯರಿಂಗು ಹಿಡಿದ ಕೈ ಅಲುಗದಿದ್ದರೂ ಕಾರು ತಾನೇ ದಾರಿ ತಪ್ಪುತ್ತದೆ.

ನಮ್ಮ ನೆಲದ ಗುಣವೂ ಇಲ್ಲಿ ಮುಖ್ಯ. ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲಿನ ಒಳರಸ್ತೆಗಳು ಅಲೆಅಲೆಯಾಗುವುದು ಇದರಿಂದಲೇ. ಸ್ಪ್ರಿಂಗು ಮೇಲಕ್ಕೆ ಒತ್ತಿಕೊಳ್ಳಲು 80 ಮಿ.ಮೀ. ಅವಕಾಶವಿದ್ದ ಕಾರನ್ನು 50 ಮಿ.ಮೀ. ತಗ್ಗಿಸಿದರೆ ಉಳಿಯುವುದು 30 ಮಾತ್ರ. ಆಮೇಲೆ ಪೆಟ್ಟು ನೇರವಾಗಿ ಒಡಲಿಗೆ, ಬಾಲ್ ಜಾಯಿಂಟಿಗೆ, ರಿಮ್ಮಿಗೆ. ಸ್ಪ್ರಿಂಗನ್ನು ಕತ್ತರಿಸಿದರೆ ಅದು ಬಿರುಸಾಗುತ್ತದೆ ಕೂಡ. ದುಡಿಯುವ 6 ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿರುಸು 5ಕ್ಕೆ 6ರ ಪ್ರಮಾಣದಲ್ಲಿ, ಎಂದರೆ ನೂರಕ್ಕೆ 20ರಷ್ಟು ಏರುತ್ತದೆ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂಡುವುದಿಲ್ಲ. ಗಾಲಿ ಹೊಂಡಕ್ಕೆ ಇಳಿದಾಗ ಸ್ಪ್ರಿಂಗು ಪೀಠದಿಂದ ಜರುಗಬಹುದು. ಕೆಲವರು ಗ್ಯಾಸಿನ ಬೆಂಕಿಯಿಂದ ಕಾಯಿಸಿ ಸ್ಪ್ರಿಂಗನ್ನು ಕುಸಿಸುತ್ತಾರೆ. ಅದರಿಂದ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಕುಡುಗೋಲಿಗೆ ಹದ ಕೊಡುವ ಕಂಬಾರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಟೈರಿನ ಮೇಲಿನ ಬರಹ

ಸವೆದ ಟೈರು ಓದಬಲ್ಲವನಿಗೆ ಒಂದು ಪುಸ್ತಕ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರಿನ ಮೇಲೆ ಸಂಶಯ ಪಡಬೇಕು. ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಗಾಲಿಯ ತೂಕದ ಸಮತೋಲ ತಪ್ಪಿರಬಹುದು.

ಟೋ ದೋಷವನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಓದುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಎಳೆದರೆ ಒಂದು ದಿಕ್ಕಿನಲ್ಲಿ ನುಣುಪು, ಮತ್ತೊಂದು ದಿಕ್ಕಿನಲ್ಲಿ ಗರಗಸದಂತಹ ಚೂಪು ಇರುತ್ತದೆ. ಒಳಗಿನಿಂದ ಹೊರಕ್ಕೆ ಎಳೆದಾಗ ಚೂಪು ತಗುಲಿದರೆ ಟೋ-ಇನ್ ಹೆಚ್ಚಾಗಿದೆ. ಹೊರಗಿನಿಂದ ಒಳಕ್ಕೆ ಎಳೆದಾಗ ತಗುಲಿದರೆ ಟೋ-ಔಟ್ ಆಗಿದೆ. ಉಕ್ಕಿನ ತಂತಿ ಹೊರಬಂದಿರುವ ಟೈರಿನ ಮೇಲೆ ಮಾತ್ರ ಕೈ ಆಡಿಸಬಾರದು.

ತಗ್ಗಿಸಿದ ಕಾರಿನ ನಿಜವಾದ ಅಪಾಯ ಇಲ್ಲಿಯೇ ಇದೆ. ಋಣ ಕ್ಯಾಂಬರಿನಿಂದ ಒಳಅಂಚಿನ ಮೇಲೆ ಭಾರ ಹೆಚ್ಚು. ಅದರೊಡನೆ ಟೋ-ಔಟ್ ಸೇರಿದರೆ ಉಜ್ಜುವಿಕೆಯೂ ಒಳಅಂಚಿನಲ್ಲಿಯೇ. ಆ ಅಂಚು ಕಾರಿನ ಕೆಳಗೆ ಬಗ್ಗಿ ನೋಡಿದ ಹೊರತು ಕಾಣುವುದಿಲ್ಲ. ಹೊರಗೆ ನಿಂತು ನೋಡಿದವನಿಗೆ ಟೈರು ಹೊಸದಾಗಿಯೇ ಇರುತ್ತದೆ. ಒಳಗೆ ರಬ್ಬರು ಮುಗಿದು ತಂತಿಗಳು ತೋರುತ್ತಿರುತ್ತವೆ. ವೈಶಾಖದ ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ, ನಾಲ್ಕು ಜನರನ್ನು ಹೊತ್ತು ವೇಗವಾಗಿ ಓಡುವಾಗ ಅಂತಹ ಟೈರು ಒಡೆದರೆ ಚಾಲಕನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಕಾರಿನ ಟೈರಿನಲ್ಲಿ ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಗಾಡಿ ಎಂದರೆ ಟೈರಿನ ಮೇಲೆ ಕೊರೆದ ಕಾಲುವೆ. ಆ ಕಾಲುವೆಯ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಬ್ಬಗಳು ಈ ಮಿತಿಯನ್ನು ತೋರಿಸುತ್ತವೆ. ಒಳಅಂಚು, ನಡು, ಹೊರಅಂಚು ಈ ಮೂರೂ ಕಡೆ ಅದನ್ನು ನೋಡಬೇಕು.

ದಾರ, ತೂಗುಗುಂಡು ಮತ್ತು ಅಳತೆಪಟ್ಟಿ

ಜೋಡಣೆಯನ್ನು ಅಂಗಡಿಯಲ್ಲಿ ಕ್ಯಾಮೆರಾ ಮತ್ತು ಗಣಕಯಂತ್ರದ ನೆರವಿನಿಂದ ಅಳೆಯುತ್ತಾರೆ. ಆದರೆ ಅದರ ತತ್ತ್ವವನ್ನು ಶಾಲೆಯ ಅಂಗಳದಲ್ಲಿಯೇ ತೋರಿಸಬಹುದು. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಸ್ಟೀಯರಿಂಗನ್ನು ನೇರವಾಗಿ ಇಟ್ಟು, ಗಾರೆ ಕೆಲಸದವರ ತೂಗುಗುಂಡಿನ ದಾರವನ್ನು ಗಾಲಿಯ ಮುಂದೆ ಇಳಿಬಿಡಬೇಕು. ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ದಾರದಿಂದ ಇರುವ ದೂರವನ್ನು ಅಳೆಯಬೇಕು. ಆ ಎರಡು ಬಿಂದುಗಳ ನಡುವಿನ ಅಂತರ 360 ಮಿ.ಮೀ. ಇದ್ದರೆ, ಸುಮಾರು 6.3 ಮಿ.ಮೀ. ವ್ಯತ್ಯಾಸವು ಒಂದು ಡಿಗ್ರಿಗೆ ಸಮ. ಈ ಸಂಖ್ಯೆ ಎರಡು ಪೈ ಆಗಿರುವುದು ಏಕೆಂದು ವಿದ್ಯಾರ್ಥಿಗಳು ತಾವೇ ಯೋಚಿಸಲಿ.

ಟೋ ಅಳೆಯಲು ಕಾರಿನ ಎರಡೂ ಪಕ್ಕಗಳಲ್ಲಿ, ಗಾಲಿಯ ನಡುಮಟ್ಟದಲ್ಲಿ, ಮುಂದಿನಿಂದ ಹಿಂದಿನವರೆಗೆ ದಾರ ಕಟ್ಟಬೇಕು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಗಲ ಒಂದೇ ಇರುವುದಿಲ್ಲವಾದುದರಿಂದ, ದಾರವನ್ನು ಟೈರಿಗೆ ತಾಗಿಸದೆ, ಎರಡು ದಾರಗಳೂ ಪರಸ್ಪರ ಸಮಾಂತರವಾಗಿ, ಎಡಬಲದ ಗಾಲಿಗಳ ಕೇಂದ್ರದಿಂದ ಸಮದೂರದಲ್ಲಿರುವಂತೆ ನಿಲ್ಲಿಸಬೇಕು. ಆಮೇಲೆ ಪ್ರತಿ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಇರುವ ದೂರವನ್ನು ಅಳೆದರೆ ಆ ಗಾಲಿಯ ಟೋ ದೊರೆಯುತ್ತದೆ. ಅರ್ಧ ಮಿಲಿಮೀಟರಿನವರೆಗೆ ಓದುವ ತಾಳ್ಮೆ ಮಾತ್ರ ಬೇಕು.

ಒಂದು ಕಾರಿನ ವೃತ್ತಾಂತ

ನಿಲಂಗಾದ ಕಡೆಯ ಒಬ್ಬ ತರುಣ ತನ್ನ ಸಣ್ಣ ಕಾರನ್ನು ನನ್ನಲ್ಲಿಗೆ ತಂದಿದ್ದ. ವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಹೋಗಿಬರುವವನು. ಒಂದೇ ವರ್ಷದಲ್ಲಿ ಮುಂದಿನ ಟೈರುಗಳ ಎರಡನೆಯ ಜೋಡಿ ಮುಗಿಯುತ್ತಿತ್ತು. “ಸರ್, ಹೊರಗಿಂದ ನೋಡಿದ್ರ ಟೈರು ಹೊಸಾದೇ ಅದ. ಅಲೈನ್‌ಮೆಂಟ್ ಮಾಡಿಸೀನಿ, ಕಾಗದದಾಗ ಎಲ್ಲಾ ಹಸಿರೇ ಬಂದದ” ಎಂದು ಅಂಗಡಿಯಲ್ಲಿ ಕೊಟ್ಟ ಹಾಳೆಯನ್ನು ತೋರಿಸಿದ. ಟೋ ಒಂದನ್ನು ಮಾತ್ರ ಹಸಿರು ಗೆರೆಯೊಳಗೆ ತಂದು ಕಳುಹಿಸಿದ್ದರು. ಕ್ಯಾಂಬರಿನ ಅಂಕಣ ಆ ಹಾಳೆಯಲ್ಲಿ ಖಾಲಿಯಾಗಿತ್ತು.

ಸ್ಪ್ರಿಂಗು ಕತ್ತರಿಸಿ ಕಾರನ್ನು 50 ಮಿ.ಮೀ. ತಗ್ಗಿಸಲಾಗಿತ್ತು. ಮುಂದಿನ ಟೈರಿನ ಹೊರಅಂಚಿನಲ್ಲಿ 5 ಮಿ.ಮೀ. ಆಳ, ನಡುವೆ 4, ಒಳಅಂಚಿನಲ್ಲಿ ತಂತಿ. ತೂಗುಗುಂಡಿನಿಂದ ಅಳೆದಾಗ ಎಡಗಾಲಿ 13½ ಮಿ.ಮೀ., ಬಲಗಾಲಿ 10½ ಮಿ.ಮೀ. ಒಳಕ್ಕೆ ವಾಲಿದ್ದವು. ಎಂದರೆ ಕ್ರಮವಾಗಿ ಎರಡು ಡಿಗ್ರಿಗಿಂತ ತುಸು ಹೆಚ್ಚು, ಒಂದೂಮುಕ್ಕಾಲು ಡಿಗ್ರಿಗಿಂತ ತುಸು ಕಡಿಮೆ. ಎರಡು ಗಾಲಿಗಳೂ ಸೇರಿ 4 ಮಿ.ಮೀ. ಟೋ-ಔಟ್. ಹಾಳೆಯಲ್ಲಿ ಹಸಿರಿದ್ದ ಟೋ ಇಲ್ಲಿ ಹೇಗೆ ಕೆಟ್ಟಿತು? ಕಾರನ್ನು ಜ್ಯಾಕಿನಿಂದ ಎತ್ತಿ ಎಡಗಾಲಿಯ ಎರಡು ಪಕ್ಕಗಳನ್ನು ಹಿಡಿದು ಅಲುಗಿಸಿದಾಗ ಉತ್ತರ ಸಿಕ್ಕಿತು. ಟೈ ರಾಡಿನ ತುದಿ ಸಡಿಲವಾಗಿತ್ತು; ಕೆಳತೋಳಿನ ಬುಶ್ಶು ಹರಿದಿತ್ತು. ಸಡಿಲವಾದ ಕೀಲಿನ ಮೇಲೆ ಮಾಡಿದ ಜೋಡಣೆ ನೀರಿನ ಮೇಲೆ ಎಳೆದ ಗೆರೆಯಂತೆ.

ತಿದ್ದುವ ಕ್ರಮ

ಈ ಕೆಲಸದಲ್ಲಿ ಕ್ರಮವೇ ಸರ್ವಸ್ವ. ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಎಂಬುದನ್ನು ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲು ಟೈರು ತಣ್ಣಗಿದ್ದಾಗ ನಾಲ್ಕರಲ್ಲಿಯೂ ತಯಾರಕರು ಹೇಳಿದ ಪ್ರಮಾಣದ ಗಾಳಿ ತುಂಬಬೇಕು. ಉಬ್ಬಿದ ಟೈರು, ಬಾಗಿದ ರಿಮ್ಮು ಇದ್ದರೆ ಬದಲಿಸಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಿಂದ ಅದರ ವಯಸ್ಸನ್ನೂ ತಿಳಿಯಬಹುದು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು.

ಎರಡನೆಯದಾಗಿ ಕೀಲುಗಳ ಪರೀಕ್ಷೆ. ಎತ್ತಿದ ಗಾಲಿಯ ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟ್; ಎಡಬಲ ಹಿಡಿದಾಗ ಆಡಿದರೆ ಟೈ ರಾಡು ಅಥವಾ ಸ್ಟೀಯರಿಂಗಿನ ರ‍್ಯಾಕು. ಕಾರನ್ನು ಬರಿಯ ಜ್ಯಾಕಿನ ಮೇಲೆ ನಂಬಿ ಅದರ ಕೆಳಗೆ ಹೋಗಬಾರದು, ಸ್ಟ್ಯಾಂಡು ಇಡಲೇಬೇಕು. ಸವೆದ ಭಾಗಗಳನ್ನು ಬದಲಿಸದೆ ಮುಂದಿನ ಹೆಜ್ಜೆ ಇಡಬಾರದು.

ಮೂರನೆಯದು ಎತ್ತರ. ಗಾಲಿಯ ಕೇಂದ್ರದಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆದು ಎಡಬಲ ಸಮವಾಗಿವೆಯೇ ನೋಡಬೇಕು. ಎಡಬಲದ ಸ್ಪ್ರಿಂಗುಗಳು ಅಸಮವಾಗಿದ್ದರೆ ಯಾವ ಜೋಡಣೆಯೂ ನಿಲ್ಲುವುದಿಲ್ಲ. ಜ್ಯಾಕಿನಿಂದ ಇಳಿಸಿದ ಮೇಲೆ ಕಾರನ್ನು ಒತ್ತಿ ಬಿಟ್ಟು, ಕೆಲವು ಮೀಟರು ಹಿಂದೆ ಮುಂದೆ ಉರುಳಿಸಿದ ಬಳಿಕವೇ ಅಳೆಯಬೇಕು.

ನಾಲ್ಕನೆಯದಾಗಿ ಹಿಂದಿನ ಗಾಲಿಗಳನ್ನು ನೋಡಬೇಕು. ಹಿಂದಿನ ಜೋಡಿ ಓರೆಯಾಗಿದ್ದರೆ ಕಾರು ಏಡಿಯಂತೆ ಅಡ್ಡ ನಡೆಯುತ್ತದೆ. ಚಾಲಕನು ಅದನ್ನು ಸರಿದೂಗಿಸಲು ಸ್ಟೀಯರಿಂಗನ್ನು ಸದಾ ಓರೆಯಾಗಿ ಹಿಡಿಯಬೇಕಾಗುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಹಿಂದಿನ ಕೋನಗಳನ್ನು ತಿದ್ದಲು ತಿರುಪು ಇರುವುದಿಲ್ಲ. ತೆಳುವಾದ ಶಿಮ್ಮುಗಳನ್ನು ಇಡಬೇಕು ಅಥವಾ ಬಾಗಿದ ಅಚ್ಚನ್ನು ಬದಲಿಸಬೇಕು.

ಐದನೆಯದು ಮುಂದಿನ ಗಾಲಿಗಳ ಕ್ಯಾಸ್ಟರ್ ಮತ್ತು ಕ್ಯಾಂಬರ್. ಮುಂಭಾಗವನ್ನು ಮಾತ್ರ ಹೆಚ್ಚು ತಗ್ಗಿಸಿದ್ದರೆ ಕಾರು ಮೂತಿ ಬಗ್ಗಿಸಿದಂತಾಗಿ ಕ್ಯಾಸ್ಟರ್ ಕಡಿಮೆಯಾಗಿರುತ್ತದೆ. ಹಲವು ಕಾರುಗಳಲ್ಲಿ ಕ್ಯಾಂಬರನ್ನು ತಿದ್ದುವ ಏರ್ಪಾಡೇ ಇಲ್ಲ. ಸ್ಟ್ರಟ್ಟು ಗಾಲಿಯ ಭಾಗಕ್ಕೆ ಎರಡು ಬೋಲ್ಟುಗಳಿಂದ ಸೇರುವ ಕಡೆ, ಒಂದರ ಬದಲು ನಡು ಓರೆಯಾದ ವಿಶೇಷ ಬೋಲ್ಟನ್ನು ಹಾಕಿ ಒಂದಿಷ್ಟು ತಿದ್ದುವುದುಂಟು. ಬೋಲ್ಟಿನ ರಂಧ್ರವನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವ ಪದ್ಧತಿ ಅಪಾಯಕಾರಿ; ಪೆಟ್ಟು ಬಿದ್ದಾಗ ಅದು ಜರುಗುತ್ತದೆ.

ಟೋ ಎಲ್ಲಕ್ಕಿಂತ ಕೊನೆಗೆ. ಕ್ಯಾಂಬರನ್ನು ತಿದ್ದಿದರೆ ಟೋ ತಾನಾಗಿ ಬದಲಾಗುವುದೇ ಇದಕ್ಕೆ ಕಾರಣ. ಸ್ಟೀಯರಿಂಗನ್ನು ನೇರವಾಗಿ ಬಂಧಿಸಿ, ಎರಡು ಕಡೆಯ ಟೈ ರಾಡುಗಳನ್ನು ಅಗತ್ಯವಿದ್ದಷ್ಟು ತಿರುಗಿಸಿ, ಲಾಕ್ ನಟ್ಟನ್ನು ಬಿಗಿಗೊಳಿಸಿ, ಮತ್ತೆ ಅಳೆಯಬೇಕು. ಆಮೇಲೆ ಮುಂದಿನ ಸೀಟುಗಳಲ್ಲಿ ಇಬ್ಬರನ್ನು ಕೂರಿಸಿ ಇನ್ನೊಮ್ಮೆ ಅಳೆಯಬೇಕು. ಜನ ಕುಳಿತಾಗ ಟೋ ಬಹಳ ಬದಲಾದರೆ ಟೈ ರಾಡು ಮತ್ತು ತೋಳಿನ ಹೊಂದಿಕೆ ಆ ಎತ್ತರದಲ್ಲಿ ತಪ್ಪಿದೆ ಎಂದೇ ಅರ್ಥ. ಅದಕ್ಕೆ ತಿರುಪಿನಲ್ಲಿ ಪರಿಹಾರವಿಲ್ಲ, ಎತ್ತರದಲ್ಲಿಯೇ ಪರಿಹಾರ.

ಆ ತರುಣನ ಕಾರಿನಲ್ಲಿ ಈ ಕೊನೆಯ ಪರೀಕ್ಷೆಯೇ ನಿರ್ಣಾಯಕವಾಯಿತು. ಟೈ ರಾಡಿನ ತುದಿಗಳನ್ನೂ ಬುಶ್ಶುಗಳನ್ನೂ ಹೊಸದಾಗಿ ಹಾಕಿ ಟೋ ಶೂನ್ಯಕ್ಕೆ ತಂದರೂ, ಇಬ್ಬರು ಕುಳಿತೊಡನೆ 2 ಮಿ.ಮೀ. ಹೊರಕ್ಕೆ ಹೋಗುತ್ತಿತ್ತು. ಅಂಕಿಗಳನ್ನು ಅವನ ಕೈಯಿಂದಲೇ ಬರೆಯಿಸಿದೆ. ಎರಡು ಜೋಡಿ ಟೈರುಗಳಿಗೆ ತಾನು ಸುರಿದ ಹಣದಲ್ಲಿ ಮೂಲ ಸ್ಪ್ರಿಂಗುಗಳನ್ನು ಕೊಂಡು ಇನ್ನೂ ಉಳಿಸಬಹುದಿತ್ತೆಂದು ಲೆಕ್ಕ ಹಾಕಿದವನೂ ಅವನೇ. ತಯಾರಕರ ಅಳತೆಯ ಸ್ಪ್ರಿಂಗುಗಳನ್ನು ಹಾಕಿದ ಮೇಲೆ ಕ್ಯಾಂಬರ್ ಎರಡು ಕಡೆಯೂ ಅರ್ಧ ಡಿಗ್ರಿಯ ಆಸುಪಾಸಿಗೆ ಬಂದಿತು. ಜನ ಕುಳಿತರೂ ಟೋ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕದಲಲಿಲ್ಲ. ಹೊಸ ಟೈರಿನ ಮೇಲೆ 10,000 ಕಿ.ಮೀ. ಓಡಿಸಿದ ಬಳಿಕ ಮೂರು ಕಡೆಯೂ ಅಳೆದಾಗ ಒಳಅಂಚಿಗೂ ಹೊರಅಂಚಿಗೂ ಇದ್ದ ವ್ಯತ್ಯಾಸ ಅರ್ಧ ಮಿಲಿಮೀಟರನ್ನು ಮೀರಿರಲಿಲ್ಲ.

ಟೈರುಗಳನ್ನು ಹಿಂದೆ ಮುಂದೆ ಬದಲಿಸುವುದರಿಂದ ಈ ರೋಗ ವಾಸಿಯಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಸವಕಳಿಯನ್ನು ನಾಲ್ಕು ಟೈರುಗಳಿಗೆ ಹಂಚುತ್ತದೆ, ಅಷ್ಟೇ. ಜೋಡಣೆ ಸರಿಯಿದ್ದಾಗ ಮಾತ್ರ ಆ ಅದಲುಬದಲಿನಿಂದ ಪ್ರಯೋಜನ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು ಎಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಸ್ಪ್ರಿಂಗು ಕತ್ತರಿಸುವುದು ಇದಕ್ಕೆ ಹೊರತೆಂದು ಭಾವಿಸದಿರುವುದೇ ಕ್ಷೇಮ. ಆದರೆ ದಂಡದ ಭಯಕ್ಕಿಂತಲೂ ದೊಡ್ಡದು ಜೊತೆಯಲ್ಲಿ ಕುಳಿತವರ ಮೇಲಿನ ಕಾಳಜಿ. ತಂದೆತಾಯಿಯರನ್ನು ತುಳಜಾಪುರಕ್ಕೋ ಗಾಣಗಾಪುರಕ್ಕೋ ಕರೆದೊಯ್ಯುವ ಮಗನು ಹೊರಡುವ ಮುನ್ನ ಒಮ್ಮೆ ಬಗ್ಗಿ ಟೈರಿನ ಒಳಅಂಚನ್ನು ನೋಡಲಿ; ಅದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ.

ಉಪಸಂಹಾರ

ಕಾರಿನ ಎತ್ತರವೆಂಬುದು ಒಂಟಿಯಾದ ಅಳತೆಯಲ್ಲ, ಅದರ ಮೇಲೆ ಉಳಿದ ಎಲ್ಲ ಕೋನಗಳೂ ನಿಂತಿವೆ ಎಂಬುದೇ ಈ ಪಾಠದ ಸಾರ. ಒಂದನ್ನು ಅಂದಕ್ಕಾಗಿ ಬದಲಿಸಿದರೆ ಇನ್ನೊಂದು ಮೌನವಾಗಿ ಬದಲಾಗುತ್ತದೆ. ಆ ಬದಲಾವಣೆಯನ್ನು ಟೈರು ತನ್ನ ಮೈಮೇಲೆ ಬರೆದುಕೊಳ್ಳುತ್ತದೆ, ಅದೂ ನಮಗೆ ಕಾಣದ ಪಕ್ಕದಲ್ಲಿ.

1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದಾಗ ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳು ಗಡಿಯ ಈ ಕಡೆ ಉಳಿದವು. ಈ ಕಡೆ ಕನ್ನಡ ಶಾಲೆಯನ್ನು ನಡೆಸುವವರಿಗೆ, ಕನ್ನಡದಲ್ಲಿ ಕಲಿತ ಮಗು ಮುಂದೆ ಏನು ಮಾಡೀತು ಎಂಬ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಗಡಿಯಾಚೆಯ ಕಾಲೇಜು, ಗಡಿಯೀಚೆಯ ಕಾರ್ಖಾನೆ ಎರಡೂ ಕಡೆ ಕೇಳಬಹುದಾದ ಪ್ರಶ್ನೆಯಿದು. ಈ ಲೇಖನದಲ್ಲಿ ಬಂದ ಲಂಬ, ಸ್ಪರ್ಶಕ, ವೃತ್ತಖಂಡ, ಸಮಾಂತರ ಎಂಬ ಮಾತುಗಳೆಲ್ಲವೂ ನಮ್ಮ ಶಾಲೆಯ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲ್ಪಟ್ಟವೇ. ಅವುಗಳಿಂದ ಒಂದು ಕಾರಿನ ದೋಷವನ್ನು ಹುಡುಕಿ ತಿದ್ದಲು ಸಾಧ್ಯವಾಗುವುದಾದರೆ, ಆ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ. ವಿಜ್ಞಾನ ಶಿಕ್ಷಕರು ವರ್ಷಕ್ಕೊಮ್ಮೆ ಯಾರಾದರೂ ಪಾಲಕರ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ದಾರ, ತೂಗುಗುಂಡು ಮತ್ತು ಅಳತೆಪಟ್ಟಿಗಳನ್ನು ಮಕ್ಕಳ ಕೈಗೆ ಕೊಡಲಿ ಎಂಬುದು ನನ್ನ ವಿನಂತಿ. ಐವತ್ತು ವರ್ಷ ಪೂರೈಸಿದ ಈ ವಿದ್ಯಾಮಂದಿರದಿಂದ ಅಳೆದು ನೋಡಿ ನಂಬುವ ಮಕ್ಕಳು ಹೊರಬರುತ್ತಲಿರಲೆಂದು ಹಾರೈಸುತ್ತೇನೆ.